ಹ್ಯಾಂಡ್‌ಕಾರ್ ಕಟ್ಟುವುದು, ಹೊಂದಿಸುವುದು, ಓಡಿಸುವುದು: ಸಮಗ್ರ ಮಾರ್ಗದರ್ಶಿ

ಹ್ಯಾಂಡ್‌ಕಾರ್ ಎಂದರೆ ಜನ ಕೈಬಲದಿಂದ ರೈಲು ಹಳಿಯ ಮೇಲೆ ಓಡಿಸುವ ಗಾಡಿ. ಅದನ್ನು ಕಟ್ಟಲು ಹೊರಟವರು ಮೊದಲು ಕೇಳುವುದು ಅದರ ವೇಗ ಎಷ್ಟು ಎಂದು. ಕೇಳಬೇಕಾದದ್ದು ತೂಕ ಎಷ್ಟು ಎಂದು. 19ನೇ ಶತಮಾನದ ಅಮೆರಿಕದಲ್ಲಿ ಹಳಿ ರಿಪೇರಿಯ ಗ್ಯಾಂಗುಗಳು ಇದನ್ನು ಓಡಿಸುತ್ತಿದ್ದದ್ದು ರೈಲುಗಳು ಓಡಾಡುವ ಅದೇ ಹಳಿಯ ಮೇಲೆ. ರೈಲು ಬರುವ ಹೊತ್ತಿಗೆ ಗಾಡಿ ಅಲ್ಲಿರಬಾರದು. ಹಾಗಾಗಿ ಚೌಕಟ್ಟು ಮರದ್ದು, ಗಾಲಿ ಹಗುರ, ಸ್ಪ್ರಿಂಗ್ ಇಲ್ಲ, ಛಾವಣಿ ಇಲ್ಲ. ಅದರಲ್ಲಿ ಸವಾರಿ ಮಾಡುವವರೇ ಅದನ್ನು ಎತ್ತಿ ಪಕ್ಕಕ್ಕಿಡಬೇಕಿತ್ತು. ಇವತ್ತು ಕಟ್ಟುವ ಗಾಡಿಗೂ ಇದೇ ಪರೀಕ್ಷೆ: ಹತ್ತಿದ ನಾಲ್ವರು ಕೆಳಗಿಳಿಸಲಾಗದ ಗಾಡಿ ಎಷ್ಟು ಚೆನ್ನಾಗಿ ಓಡಿದರೂ ಲೆಕ್ಕಕ್ಕಿಲ್ಲ.

ಕೈಬಲದ ಹಳಿಗಾಡಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ನಡುವೆ ಕೀಲಿದ್ದು ಏತದ ಮರದಂತೆ ಏರಿಳಿಯುವ ತೊಲೆಯ ನಾಲ್ಕು ಗಾಲಿಯ ಹ್ಯಾಂಡ್‌ಕಾರ್ ಗ್ಯಾಂಗಿನದು. ಮೂರು ಗಾಲಿಯ ವೆಲಾಸಿಪೀಡ್ ಒಬ್ಬನದು: ಎರಡು ಗಾಲಿ ಒಂದು ಹಳಿಯ ಮೇಲೆ, ಉದ್ದ ತೋಳಿನ ತುದಿಯ ಮೂರನೆಯದು ಎದುರು ಹಳಿಯ ಮೇಲೆ. ಮಿಶಿಗನ್‌ನ ಜಾರ್ಜ್ ಶೆಫೀಲ್ಡ್ ಇದಕ್ಕೆ 1879ರಲ್ಲಿ ಪೇಟೆಂಟ್ ಪಡೆದ. ಆ ಹೆಸರಿನ ಕಂಪನಿ ತ್ರೀ ರಿವರ್ಸ್ ಊರಿನಲ್ಲಿ ಅದನ್ನು ತಯಾರಿಸಿತು. ಮೂರನೆಯದು ತೊಲೆಯೇ ಇಲ್ಲದ ಪುಶ್ ಟ್ರಾಲಿ. ಟ್ರಾಲಿಮನ್‌ಗಳು ಹಳಿಯ ಮೇಲೇ ಓಡುತ್ತ ತಳ್ಳಿ, ವೇಗ ಬಂದ ಮೇಲೆ ಹತ್ತಿ ಕೂರುತ್ತಾರೆ. ಭಾರತೀಯ ರೈಲ್ವೆಯಲ್ಲಿ ಹಳಿ ತಪಾಸಣೆಗೆ ಬಳಕೆಯಾದದ್ದು ಇದು. ಇಲ್ಲಿ ಹೇಳುವುದು ಮೊದಲನೆಯದನ್ನು, ಅದೂ 1435 ಮಿಮೀ ಗೇಜಿಗೆ, ಅಂದರೆ ಎರಡು ಹಳಿಗಳ ನಡುವೆ ಅಷ್ಟು ಅಂತರವಿರುವ ಲೈನಿಗೆ. ಬೇರೆ ಗೇಜಿಗೆ ಆಕ್ಸಲ್‌ನ (ಎರಡು ಗಾಲಿಗಳನ್ನು ಕೂಡಿಸುವ ಅಚ್ಚು) ಉದ್ದ, ಎರಡು ಗಾಲಿಗಳ ಒಳಬೆನ್ನಿನ ನಡುವಿನ ಅಂತರ, ಅಡ್ಡ ತೊಲೆಗಳ ಉದ್ದ ಮತ್ತು ಡೆಕ್ಕಿನ (ಜನ ನಿಲ್ಲುವ ಹಲಗೆ) ಅಗಲ ಬದಲಾಗುತ್ತವೆ, ಉಳಿದ ಲೆಕ್ಕ ಹಾಗೇ ಇರುತ್ತದೆ.

ಒಂದು ಮಾತು ಈಗಲೇ. ಇದನ್ನು ಓಡಿಸುವುದು ಮ್ಯೂಸಿಯಂ ಲೈನಿನಲ್ಲಿ ಅಥವಾ ಖಾಸಗಿ ಹಳಿಯಲ್ಲಿ, ಲೈನಿನ ಒಡೆಯರ ಲಿಖಿತ ಅನುಮತಿಯೊಂದಿಗೆ, ಆ ಹೊತ್ತಿಗೆ ಬೇರೆ ಯಾವ ಗಾಡಿಗೂ ಆ ಲೈನ್ ಕೊಟ್ಟಿಲ್ಲ ಎಂಬುದು ಖಚಿತವಾದ ಮೇಲೆ. ರೈಲು ನಿಂತುಹೋಗಿದೆ ಎಂದು ಜನ ಹೇಳುವ ಲೈನ್ ಎಷ್ಟೋ ಸಲ ಪೂರ್ತಿ ನಿಂತಿರುವುದಿಲ್ಲ.

ಮೊದಲು ಹಳಿ ಅಳೆಯಿರಿ

ಕೆಲಸ ಆರಂಭವಾಗುವುದು ವರ್ಕ್‌ಶಾಪಿನಲ್ಲಲ್ಲ, ಲೈನಿನ ಮೇಲೆ. ಗೇಜನ್ನು ಹಳಿಯ ತಲೆಯ ಒಳಮುಖದಿಂದ ಒಳಮುಖಕ್ಕೆ, ಮೇಲ್ಮೈಯಿಂದ ಸುಮಾರು 14ರಿಂದ 16 ಮಿಮೀ ಕೆಳಗೆ ಅಳೆಯಬೇಕು. ನೇರ ಹಳಿ, ಅತಿ ಬಿಗಿಯಾದ ತಿರುವು, ಪ್ರತಿ ಪಾಯಿಂಟ್ಸ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ), ಪ್ರತಿ ಲೆವೆಲ್ ಕ್ರಾಸಿಂಗ್, ಎಲ್ಲ ಕಡೆಯೂ ಬರೆದುಕೊಳ್ಳಿ. ಹಳೇ ಲೈನಿನ ತಿರುವುಗಳಲ್ಲಿ ಗೇಜ್ ಅಗಲವಾಗಿರುವುದು ಸಾಮಾನ್ಯ, ಗಾಲಿಯ ತುಳಿಮೈ, ಅಂದರೆ ಹಳಿಯ ಮೇಲೆ ಉರುಳುವ ಮೈ, ಎಷ್ಟು ಅಗಲ ಇರಬೇಕೆಂದು ಹೇಳುವುದು ಆ ಅಂಕಿಯೇ. ಅತಿ ಕಡಿದಾದ ಏರು ಎಷ್ಟೆಂಬುದೂ ಬೇಕು. 50ಕ್ಕೆ 1ಕ್ಕಿಂತ (50 ಮೀಟರ್ ದೂರಕ್ಕೆ 1 ಮೀಟರ್ ಎತ್ತರ) ಕಡಿದಾದ ಇಳಿಜಾರಿದ್ದರೆ ಅಲ್ಲಿಗೆ ಮುನ್ನವೇ ಓಟ ನಿಲ್ಲಿಸುವ ಯೋಜನೆ ಮಾಡಿ.

ಚೌಕಟ್ಟು

ಉದ್ದ ತೊಲೆ ಎರಡು, 1.9 ಮೀಟರ್, ಅಡ್ಡ ತೊಲೆ ನಾಲ್ಕು, 1.3 ಮೀಟರ್. ಎರಡಕ್ಕೂ 75×100 ಮಿಮೀ ಗಟ್ಟಿಮರ. ಡೆಕ್ಕಿಗೆ 20 ಮಿಮೀ ದಪ್ಪದ ಹಗುರ ಹಲಗೆ. ಜೋಡಣೆಗಳಿಗೆ 12 ಮಿಮೀ ಬೋಲ್ಟ್, ಎರಡೂ ಕಡೆ ಅಗಲ ವಾಷರ್, ಲಾಕ್ ನಟ್. ಮರದ ಸ್ಕ್ರೂ ಬೇಡ, ಹಳಿಯ ಕೀಲುಗಳ ಮೇಲಿನ ಬಡಿತಕ್ಕೆ ಸಡಿಲವಾಗಿಬಿಡುತ್ತದೆ.

ಉಕ್ಕಿನ ಕೋನಪಟ್ಟಿ ಬೆಸುಗೆ ಹಾಕಿ ಚೌಕಟ್ಟನ್ನು ಅಲುಗದಂತೆ ಮಾಡುವ ಆಸೆ ಬಹಳ ಜನರಿಗೆ. ಮಾಡಬೇಡಿ. ಈ ಗಾಡಿಗೆ ಸ್ಪ್ರಿಂಗ್ ಇಲ್ಲ. ಹಳಿ ಎಲ್ಲೋ ಒಂದು ಕಡೆ ತಿರುಚಿಕೊಂಡಿದ್ದರೆ ನಾಲ್ಕನೇ ಗಾಲಿಯನ್ನು ಹಳಿಯ ಮೇಲೆ ಒತ್ತಿ ಹಿಡಿಯುವುದು ಮರದ ಚೌಕಟ್ಟಿನ ಸಣ್ಣ ಬಾಗುವಿಕೆ. ತೀರ ಗಡುಸಾದ ಚೌಕಟ್ಟಿನಲ್ಲಿ ಆ ಗಾಲಿ ಗಾಳಿಯಲ್ಲಿ ತೇಲುತ್ತದೆ, ಫ್ಲಾಂಜ್ (ಗಾಲಿಯನ್ನು ಹಳಿಯಲ್ಲಿ ಹಿಡಿದಿಡುವ ಒಳಬದಿಯ ಅಂಚು) ಹಳಿ ಹತ್ತಿ ಇಳಿದುಬಿಡುತ್ತದೆ. ಕಟ್ಟಿದ ಮೇಲೆ ಪರೀಕ್ಷಿಸಿ: ಸಮತಟ್ಟು ಹಳಿಯ ಮೇಲೆ ಒಂದು ಗಾಲಿಯ ಕೆಳಗೆ 10 ಮಿಮೀ ಪಟ್ಟಿ ಇಟ್ಟು, ನಾಲ್ವರನ್ನು ಹತ್ತಿಸಿದರೆ ಉಳಿದ ಮೂರೂ ಗಾಲಿ ಹಳಿ ಮುಟ್ಟಿರಬೇಕು.

ಡೆಕ್ಕಿನ ಮುಂದಿನ, ಹಿಂದಿನ ಅಂಚಿಗೆ 60 ಮಿಮೀ ಎತ್ತರದ ಪಟ್ಟಿ ಹೊಡೆಯಿರಿ. ಇದು ಅಲಂಕಾರಕ್ಕಲ್ಲ. ಈ ಗಾಡಿಯ ಅತಿ ಕೆಟ್ಟ ಅಪಘಾತ ಎಂದರೆ ಮುಂದೆ ನಿಂತವನ ಕಾಲು ಜಾರಿ ಗಾಡಿಯ ಮುಂದೆಯೇ ಬೀಳುವುದು.

ಗಾಲಿ ಮತ್ತು ಆಕ್ಸಲ್

ಗಾಲಿ 508 ಮಿಮೀ, ಅಂದರೆ 20 ಇಂಚು. ಒತ್ತಿದ ಉಕ್ಕಿನ ಗಾಲಿ ಸಿಕ್ಕರೆ ಅದೇ ಇರಲಿ, ಎರಕದ್ದು ಸುಮಾರು ಎರಡು ಪಟ್ಟು ತೂಗುತ್ತದೆ. ತುಳಿಮೈಗೆ 20ಕ್ಕೆ 1ರ ಇಳಿಜಾರು ಕೊಡಿ. ಆಕ್ಸಲ್ 45 ಮಿಮೀ ಉಕ್ಕಿನ ಸರಳು; ಬೇರಿಂಗ್ ಕೂರುವಲ್ಲಿ 40 ಮಿಮೀಗೆ ಕಡೆಯಿರಿ, ಮೂಲೆಯಲ್ಲಿ ಕನಿಷ್ಠ 2 ಮಿಮೀ ದುಂಡು ಬಿಡಿ. ಚೂಪು ಮೂಲೆಯೇ ಆಕ್ಸಲ್ ಬಿರುಕು ಬಿಡುವ ಜಾಗ.

ಎರಡು ಗಾಲಿಗಳ ಒಳಬೆನ್ನಿನ ನಡುವಿನ ಅಂತರ 1360 ಮಿಮೀ ಇರಲಿ. ಗೇಜ್ ಸರಿಯಿದ್ದರೂ ಈ ಅಳತೆ ತಪ್ಪಿದರೆ ಗಾಡಿ ನೇರ ಹಳಿಯಲ್ಲಿ ಏನೂ ಆಗದಂತೆ ಓಡುತ್ತದೆ, ಒಂದು ಹಳಿ ಇನ್ನೊಂದನ್ನು ದಾಟುವ ಮೊದಲ ಕ್ರಾಸಿಂಗ್‌ನಲ್ಲಿ ಬೀಳುತ್ತದೆ. ಅಂತರ ಕಡಿಮೆಯಾದರೆ ಫ್ಲಾಂಜಿನ ಬೆನ್ನು ಚೆಕ್ ರೈಲಿನ (ಅಲ್ಲಿ ಗಾಲಿಗೆ ದಾರಿ ತೋರಲು ಹಳಿಯ ಒಳಬದಿಗೆ ಇಟ್ಟ ತುಂಡು ಹಳಿ) ತುದಿಗೆ ಬಡಿಯುತ್ತದೆ. ಹೆಚ್ಚಾದರೆ ಎದುರು ಗಾಲಿಯ ಫ್ಲಾಂಜನ್ನು ಕ್ರಾಸಿಂಗ್ ಮೂಗಿನಿಂದ (ಎರಡು ಹಳಿ ಕೂಡುವ ಚೂಪು ತುದಿ) ದೂರ ಎಳೆದು ಹಿಡಿಯುವ ಕೆಲಸ ಚೆಕ್ ರೈಲಿಗೆ ಆಗುವುದಿಲ್ಲ, ಫ್ಲಾಂಜ್ ಮೂಗಿಗೇ ಗುದ್ದುತ್ತದೆ. ಗಾಲಿಯ ಸುತ್ತ ಮೂರು ಕಡೆ ಅಳೆಯಿರಿ. ಮೂರರ ನಡುವಿನ ವ್ಯತ್ಯಾಸ 1 ಮಿಮೀ ದಾಟಿದರೆ ಗಾಲಿ ಓರೆಯಾಗಿ ಕೂತಿದೆ.

ಎರಡು ಆಕ್ಸಲ್‌ಗಳ ನಡುವೆ 960 ಮಿಮೀ. ಪ್ಲಮ್ಮರ್ ಬ್ಲಾಕ್ ಬೇರಿಂಗುಗಳನ್ನು (ಬೋಲ್ಟ್ ಹಾಕುವ ಪಾದವಿರುವ ಬೇರಿಂಗ್) ಮೊದಲು ಸಡಿಲವಾಗಿ ಕೂರಿಸಿ, ನಾಲ್ಕೂ ಗಾಲಿಯ ನಡುವಿನ ಕರ್ಣಗಳನ್ನು ಅಳೆದು, ಎರಡೂ 2 ಮಿಮೀ ಒಳಗೆ ಸರಿಹೋದ ಮೇಲೆ ಬಿಗಿ ಮಾಡಿ. ಆಕ್ಸಲ್ ಓರೆಯಿದ್ದರೆ ಗಾಡಿ ಯಾವಾಗಲೂ ಒಂದೇ ಹಳಿಗೆ ಒರಗಿ ಉಜ್ಜುತ್ತದೆ, ಆ ಕಡೆಯ ಫ್ಲಾಂಜ್ ಮಿಂಚುತ್ತದೆ.

ಸಿಗ್ನಲ್‌ಗೆ ಟ್ರ್ಯಾಕ್ ಸರ್ಕ್ಯೂಟ್ (ಹಳಿಗಳಲ್ಲೇ ವಿದ್ಯುತ್ ಹರಿಸಿ ಗಾಡಿ ಇರುವುದನ್ನು ತಿಳಿಯುವ ಏರ್ಪಾಡು) ಇರುವ ಲೈನಾದರೆ ಎಡ-ಬಲ ಗಾಲಿಗಳ ನಡುವೆ ವಿದ್ಯುತ್ ಹರಿಯಬಾರದು, ಇಲ್ಲವಾದರೆ ಆ ತುಂಡಿನ ಸಿಗ್ನಲ್ ಕೆಂಪಾಗುತ್ತದೆ. ಗಾಲಿಯ ನಡುವಿನ ಗುಂಬಕ್ಕೂ ಆಕ್ಸಲ್‌ಗೂ ನಡುವೆ ಇನ್ಸುಲೇಟಿಂಗ್ ಬುಶ್ ಹಾಕಿ, ಮಲ್ಟಿಮೀಟರ್ ಹಿಡಿದು ನೋಡಿ. ಬುಶ್ ಸರಿಯಿದ್ದೂ ಮೀಟರ್ ಕೂಗಿದರೆ ಬ್ರೇಕಿನ ಅಡ್ಡ ಸರಳನ್ನು ಹುಡುಕಿ, ಎಡವನ್ನೂ ಬಲವನ್ನೂ ಕೂಡಿಸುವ ಉಕ್ಕು ಸಾಮಾನ್ಯವಾಗಿ ಅದೇ. ಇನ್ಸುಲೇಟ್ ಮಾಡಿದ ಗಾಡಿ ಸಿಗ್ನಲ್ ವ್ಯವಸ್ಥೆಗೆ ಕಾಣುವುದೇ ಇಲ್ಲ. ಹಾಗಾಗಿ ಸಿಗ್ನಲ್ ನಿಮ್ಮನ್ನು ಕಾಯುತ್ತದೆ ಎಂದು ನಂಬಬೇಡಿ.

ತೊಲೆ, ಕ್ರ್ಯಾಂಕ್, ಗೇರ್

ಇಡೀ ಯಂತ್ರದ ಜೀವ ಇಲ್ಲಿದೆ, ಇಲ್ಲಿನ ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಬದಲಿಸಿದರೆ ಉಳಿದದ್ದನ್ನೂ ಮತ್ತೆ ಲೆಕ್ಕ ಹಾಕಬೇಕು.

ಮನುಷ್ಯನಿಂದ ಹೊರಡೋಣ. ನಿಂತು ತುಯ್ಯುವವನಿಗೆ ಹಿಡಿಕೆ ಮೊಣಕಾಲಿನ ಮೇಲಿನಿಂದ ಎದೆಮಟ್ಟದವರೆಗೆ ಬಂದರೆ ಸೊಂಟ ಬೆನ್ನು ಎರಡೂ ಸೇರಿ ಕೆಲಸ ಮಾಡುತ್ತವೆ. ಡೆಕ್ಕಿನಿಂದ 600 ಮಿಮೀನಿಂದ 1320 ಮಿಮೀವರೆಗೆ, ಅಂದರೆ 720 ಮಿಮೀ ಏರಿಳಿತ. ತೊಲೆಯ ಕೀಲು ಡೆಕ್ಕಿನಿಂದ 960 ಮಿಮೀ ಎತ್ತರದಲ್ಲಿ, ಕೀಲಿನಿಂದ ಹಿಡಿಕೆಗೆ 900 ಮಿಮೀ. ತೊಲೆಯ ಏರಿಳಿತವನ್ನು ಕ್ರ್ಯಾಂಕಿಗೆ (ಅದನ್ನು ಸುತ್ತಾಗಿಸುವ ತೋಳು) ಮುಟ್ಟಿಸುವ ಕನೆಕ್ಟಿಂಗ್ ರಾಡ್ ತೊಲೆಗೆ ಸೇರುವುದು ಕೀಲಿನಿಂದ 300 ಮಿಮೀ ದೂರದಲ್ಲಿ; ಅಲ್ಲಿ ಏರಿಳಿತ ಮೂರರಲ್ಲಿ ಒಂದು ಪಾಲು, 240 ಮಿಮೀ. ಅದರ ಅರ್ಧ, 120 ಮಿಮೀ, ಕ್ರ್ಯಾಂಕಿನ ತೋಳು.

ಕ್ರ್ಯಾಂಕ್ ಶಾಫ್ಟಿನ ಮೇಲೆ 54 ಹಲ್ಲಿನ ಗೇರ್, ಆಕ್ಸಲ್ ಮೇಲೆ 18 ಹಲ್ಲಿನ ಪಿನಿಯನ್, ಅಂದರೆ ಸಣ್ಣ ಗೇರ್. ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ) 5, ಮುಖದ ಅಗಲ 40 ಮಿಮೀ. ಎರಡರ ಕೇಂದ್ರಗಳ ನಡುವೆ 180 ಮಿಮೀ. ಆಕ್ಸಲ್ ಗಾಡಿಯ ನಡುವಿನಿಂದ 480 ಮಿಮೀ ದೂರವಿದೆ, ಅದರಲ್ಲಿ 180 ಕಳೆದರೆ ಕ್ರ್ಯಾಂಕ್ ನಡುವಿನಿಂದ ಸರಿಯಾಗಿ 300 ಮಿಮೀಗೆ ಬಂದು, ತೊಲೆಯ ಪಿನ್ನಿನ ನೇರ ಕೆಳಗೆ ನಿಲ್ಲುತ್ತದೆ. 960 ಮಿಮೀ ಆರಿಸಿಕೊಂಡದ್ದು ಇದಕ್ಕಾಗಿ.

ಕ್ರ್ಯಾಂಕ್ ಶಾಫ್ಟಿನ ಬೇರಿಂಗನ್ನೂ ಪಕ್ಕದ ಆಕ್ಸಲ್ ಬೇರಿಂಗನ್ನೂ ಒಂದೇ 10 ಮಿಮೀ ಉಕ್ಕಿನ ಫಲಕಕ್ಕೆ ಬೋಲ್ಟ್ ಮಾಡಿ, ಆ ಫಲಕವನ್ನು ಮರಕ್ಕೆ ಬಿಗಿಯಿರಿ. ಎರಡನ್ನೂ ಬೇರೆ ಬೇರೆಯಾಗಿ ಮರಕ್ಕೇ ಬಿಗಿದರೆ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಗೇರಿನ ಹಲ್ಲುಗಳು ಒಮ್ಮೆ ಕಚ್ಚಿಕೊಳ್ಳುತ್ತವೆ, ಒಮ್ಮೆ ತಪ್ಪಿಸಿಕೊಳ್ಳುತ್ತವೆ. ಹಲ್ಲುಗಳ ನಡುವೆ 0.3 ಮಿಮೀ ಸಡಿಲ ಸಾಕು. ಒಂದು ಕಡೆ ಮಾತ್ರವಲ್ಲ, ಗೇರನ್ನು ಪೂರ್ತಿ ಸುತ್ತಿಸಿ ನಾಲ್ಕು ಕಡೆ ನೋಡಿ.

ರಾಡಿನ ಉದ್ದ ಪಿನ್ನಿನಿಂದ ಪಿನ್ನಿಗೆ ಸುಮಾರು 1230 ಮಿಮೀ. ಇದು ಡೆಕ್ಕಿನ ಮೇಲ್ಮೈ ಹಳಿಯಿಂದ 520 ಮಿಮೀ ಎತ್ತರದಲ್ಲಿದ್ದು, ಕ್ರ್ಯಾಂಕ್ ಆಕ್ಸಲ್‌ನ ಮಟ್ಟದಲ್ಲಿದ್ದಾಗಿನ ಲೆಕ್ಕ. ಒಂದು ತುದಿಗೆ ಥ್ರೆಡ್ಡೂ ಲಾಕ್ ನಟ್ಟೂ ಇರಲಿ. ಹೊಂದಿಸುವುದು ಹೀಗೆ: ಕ್ರ್ಯಾಂಕನ್ನು ಪೂರ್ತಿ ಮೇಲಕ್ಕೆ ತಂದು ಹಿಡಿಕೆಯ ಎತ್ತರ ಅಳೆಯಿರಿ, ಪೂರ್ತಿ ಕೆಳಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಕೀಲಿನ ಮಟ್ಟದಿಂದ ಸಮದೂರದಲ್ಲಿರಬೇಕು. ರಾಡನ್ನು 10 ಮಿಮೀ ಉದ್ದ ಮಾಡಿದರೆ ಹಿಡಿಕೆ 30 ಮಿಮೀ ಸರಿಯುತ್ತದೆ. ಡೆಕ್ಕಿನಲ್ಲಿ ರಾಡ್ ಹಾಯುವ ಸೀಳು 260 ಮಿಮೀ ಉದ್ದ ಬೇಕು; ರಾಡ್ ಅಲ್ಲಿ ಎರಡೂ ಕಡೆಗೆ ಸುಮಾರು 95 ಮಿಮೀ ತೂಗಾಡುತ್ತದೆ. ಸೀಳಿನ ಸುತ್ತ ಮೊಣಕಾಲೆತ್ತರದ ಕವಚ ಕಡ್ಡಾಯ. ಪಾದದ ತುದಿ ಅಲ್ಲಿ ಸಿಕ್ಕರೆ ಇಡೀ ಗಾಡಿಯ ಓಟದ ಬಲ ಅದರ ಮೇಲೆ ಬರುತ್ತದೆ.

ಇನ್ನು ಇದೆಲ್ಲ ಕೊಡುವುದೇನು ನೋಡೋಣ. ಗಾಲಿಯ ಸುತ್ತಳತೆ 1.6 ಮೀಟರ್. ತೊಲೆ ಒಮ್ಮೆ ಏರಿ ಇಳಿದರೆ ಆಕ್ಸಲ್ ಮೂರು ಸುತ್ತು, ಗಾಡಿ 4.8 ಮೀಟರ್. ನಿಮಿಷಕ್ಕೆ 35 ಏರಿಳಿತಕ್ಕೆ ಗಂಟೆಗೆ 10 ಕಿಮೀ. ಗಾಡಿ 280 ಕೆಜಿ, ಜನ ನಾಲ್ವರು, ಒಟ್ಟು 560 ಕೆಜಿ ಎಂದಿಟ್ಟುಕೊಳ್ಳಿ. ಉರುಳುವ ತಡೆ ತೂಕದ ಸಾವಿರದಲ್ಲಿ ಆರು ಪಾಲಾದರೆ ಸಮತಟ್ಟಿನಲ್ಲಿ ಎಲ್ಲ ಕೈಗಳೂ ಸೇರಿ ಹಿಡಿಕೆಗೆ ಸರಾಸರಿ 11 ಕೆಜಿ ಬಲ ಕೊಟ್ಟರೆ ಸಾಕು, ಒಬ್ಬನಿಗೆ ಮೂರು ಕೆಜಿಯೂ ಇಲ್ಲ. 100ಕ್ಕೆ 1ರ ಏರಿನಲ್ಲಿ ಅದು 30 ಕೆಜಿ. 50ಕ್ಕೆ 1ರಲ್ಲಿ 48 ಕೆಜಿ, ತಲಾ 12. ಅದೇ ವೇಗದಲ್ಲಿ ಇದಕ್ಕೆ ತಲಾ 100 ವಾಟ್ ಬೇಕು, ಗೇರಿನ ಮತ್ತು ಪಿನ್ನುಗಳ ಉಜ್ಜಾಟ ಬಿಟ್ಟು. ಅಭ್ಯಾಸವಿಲ್ಲದವರು ಅದನ್ನು ಹೆಚ್ಚು ಹೊತ್ತು ತಾಳಲಾರರು. ವೇಗದ ಆಸೆಗೆ ಗೇರನ್ನು 4ಕ್ಕೆ 1 ಮಾಡಿದವರಿಗೆ ಸಣ್ಣ ಏರೂ ಗೋಡೆಯಾಗುತ್ತದೆ. ಮೂರನ್ನು ಮೀರಬೇಡಿ.

ಬ್ರೇಕ್

ಒಂದೇ ಆಕ್ಸಲ್‌ಗೆ ಬ್ರೇಕ್ ಹಾಕಿ ಸುಮ್ಮನಾಗುವುದುಂಟು. ಒದ್ದೆ ಹಳಿಯ ಮೇಲೆ ಉಕ್ಕಿನ ಗಾಲಿಯ ಹಿಡಿತ ತೂಕದ ಹತ್ತನೇ ಒಂದು ಪಾಲಿನಷ್ಟು ಎಂದರೆ, ಎರಡು ಗಾಲಿಗೆ ಮಾತ್ರ ಬ್ರೇಕಿರುವ ಗಾಡಿ ಗಂಟೆಗೆ 15 ಕಿಮೀನಿಂದ ನಿಲ್ಲಲು ಸುಮಾರು 18 ಮೀಟರ್ ತೆಗೆದುಕೊಳ್ಳುತ್ತದೆ. ನಾಲ್ಕಕ್ಕೂ ಇದ್ದರೆ 9. ಇದರಲ್ಲಿ ಪೆಡಲ್ ತುಳಿಯುವ ಮುಂಚಿನ ಒಂದು ಸೆಕೆಂಡ್ ಸೇರಿಲ್ಲ, ಅಷ್ಟರಲ್ಲಿ ಇನ್ನೊಂದು 4 ಮೀಟರ್ ಹೋಗಿರುತ್ತದೆ. 25 ಕಿಮೀ ವೇಗದಲ್ಲಿ, 50ಕ್ಕೆ 1ರ ಒದ್ದೆ ಇಳಿಜಾರಿನಲ್ಲಿ, ಎರಡು ಗಾಲಿಯ ಬ್ರೇಕಿಗೆ 80 ಮೀಟರ್ ದಾಟುತ್ತದೆ.

ಹಾಗಾಗಿ ಪ್ರತಿ ಬದಿಯಲ್ಲಿ ಮುಂದಿನ ಹಿಂದಿನ ಗಾಲಿಗಳ ನಡುವಿನ 450 ಮಿಮೀ ಜಾಗದಲ್ಲಿ ಒಂದು ಜೋಡಿ ಷೂ ಕೂರಿಸಿ. ಪೆಡಲ್ ತುಳಿದಾಗ ಮೊಣಕಾಲಿನಂತೆ ನೆಟ್ಟಗಾಗುವ ಸಂಧಿ ಎರಡೂ ಷೂಗಳನ್ನು ಹೊರಕ್ಕೆ ತಳ್ಳಿ ಎರಡೂ ಗಾಲಿಗೆ ಒತ್ತುತ್ತದೆ. ಷೂ ಗಟ್ಟಿಮರದ್ದು, ಮರದ ನಾರಿನ ತುದಿ ಗಾಲಿಗೆ ಮುಖಮಾಡಿರಲಿ. ಪೆಡಲಿನಿಂದ ಷೂಗಳಿಗೆ ಒಟ್ಟು 5ಕ್ಕೆ 1ರ ಅನುಪಾತ ಸಾಕು. ಅದಕ್ಕಿಂತ ಹೆಚ್ಚಾದರೆ ಗಾಲಿ ಸುತ್ತುವುದನ್ನೇ ಬಿಟ್ಟು ಜಾರುತ್ತದೆ, ಜಾರಿದ ಕಡೆ ತುಳಿಮೈ ಚಪ್ಪಟೆಯಾಗಿ ಆಮೇಲೆ ಪ್ರತಿ ಸುತ್ತಿಗೂ ಬಡಿಯುತ್ತದೆ. ಬಿಟ್ಟಾಗ ಷೂ ಗಾಲಿಯಿಂದ 4ರಿಂದ 6 ಮಿಮೀ ದೂರ ನಿಲ್ಲಬೇಕು. ನಿಲ್ಲಿಸಿದಾಗ ಪೆಡಲನ್ನು ಹಿಡಿದಿಡುವ ಕೊಕ್ಕೆಯ ಜೊತೆಗೆ ಎರಡು ಮರದ ಬೆಣೆಗಳೂ ಗಾಡಿಯಲ್ಲಿರಲಿ.

ಓಡಿಸುವುದು

ಜನ ಹತ್ತುವ ಮೊದಲು ಖಾಲಿ ಗಾಡಿಯನ್ನು ಕೈಯಲ್ಲಿ ತಳ್ಳಿಕೊಂಡು ಇಡೀ ಲೈನ್ ನಡೆಯಿರಿ. ಎಲ್ಲಿ ಗಾಲಿ ಎದ್ದಿತು, ಎಲ್ಲಿ ಉಜ್ಜಿತು, ಎಲ್ಲ ಆಗಲೇ ಗೊತ್ತಾಗುತ್ತದೆ.

ನಿಂತ ಗಾಡಿಯ ತೊಲೆ ತುಯ್ದರೆ ಅದು ಎತ್ತ ಹೋಗುವುದೆಂದು ಹೇಳಲಾಗದು. ಕ್ರ್ಯಾಂಕ್ ಎತ್ತಲಾದರೂ ತಿರುಗಬಹುದು. ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ನಿಂತಿದ್ದರೆ ತಿರುಗುವುದೇ ಇಲ್ಲ. ಆದ್ದರಿಂದ ಒಬ್ಬರು ಹಿಂದಿನಿಂದ ತಳ್ಳಬೇಕು, ಅಥವಾ ಬ್ರೇಕ್ ಬಿಟ್ಟು ಗಾಡಿಯನ್ನು ಸ್ವಲ್ಪ ಸರಿಸಿ ಕ್ರ್ಯಾಂಕನ್ನು ಅಡ್ಡಕ್ಕೆ ತಂದು ಶುರುಮಾಡಬೇಕು. ಒಮ್ಮೆ ಹೊರಟ ಮೇಲೆ ಗಾಡಿಯ ಓಟವೇ ಕ್ರ್ಯಾಂಕನ್ನು ಆ ಎರಡು ಸತ್ತ ಬಿಂದುಗಳಾಚೆ ದಾಟಿಸುತ್ತದೆ.

ಇಬ್ಬರು ಮುಂದೆ, ಇಬ್ಬರು ಹಿಂದೆ, ಎದುರುಬದುರು. ಮುಂದಿನವರ ಬೆನ್ನು ದಾರಿಗೆ, ಅವರಿಗೆ ಏನೂ ಕಾಣದು. ಬ್ರೇಕ್ ಪೆಡಲ್ ಹಿಂದಿನವರ ಕಡೆ ಇರಬೇಕು. ಅವರಲ್ಲೊಬ್ಬರು ಮುಖ್ಯಸ್ಥ, ಅವರ ಮಾತೇ ಕೊನೆ. ಮರಳಿ ಬರುವಾಗ ದಿಕ್ಕು ಬದಲಾಗುವುದರಿಂದ ಎರಡೂ ತುದಿಗೆ ಪೆಡಲ್ ಇಟ್ಟರೆ ಒಳ್ಳೆಯದು. ಕೈಯಲ್ಲಿ ಉಂಗುರ, ಸಡಿಲ ತೋಳಿನ ಅಂಗಿ, ಕೊರಳಲ್ಲಿ ಟವೆಲ್ ಬೇಡ.

ಬಲ ಕೊಡುವುದು ಕೆಳಗೊತ್ತುವಾಗ. ತಮ್ಮ ತುದಿ ಮೇಲೇಳುವಾಗ ಕೈ ಜೊತೆಗೆ ಹೋದರೆ ಸಾಕು, ಎದುರಿನವರು ಆಗ ಒತ್ತುತ್ತಿರುತ್ತಾರೆ. ಹೊಸಬರು ಎರಡೂ ಹೊತ್ತು ಜಗ್ಗಿ ಬೇಗ ಸೋಲುತ್ತಾರೆ.

ಗೊತ್ತಿಲ್ಲದವರಿಗೆ ಪೆಟ್ಟು ಕೊಡುವ ಸಂಗತಿ ಇಳಿಜಾರು. ಈ ಗಾಡಿಗೆ ಸೈಕಲ್ಲಿನಂತೆ ಫ್ರೀವೀಲ್ ಇಲ್ಲ. ಗಾಲಿ ತಿರುಗುವಷ್ಟು ಹೊತ್ತು ತೊಲೆಯೂ ಏರಿಳಿಯುತ್ತಲೇ ಇರುತ್ತದೆ. 25 ಕಿಮೀ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 87 ಸಲ, ಹಿಡಿಯಲು ಹೋದವರ ಗದ್ದಕ್ಕೆ ಹೊಡೆಯುವ ವೇಗ. ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಹಿಡಿದು 10 ಕಿಮೀಗೆ ಇಳಿಸಿ. ಕೈ ಬಿಡುವುದಾದರೆ ಎಲ್ಲರೂ ಒಟ್ಟಿಗೆ ಬಿಟ್ಟು, ಡೆಕ್ಕಿನ ಬದಿಯ ಕಂಬಿ ಹಿಡಿದು ನಿಲ್ಲಿ. ಓಡುವ ತೊಲೆಯನ್ನು ಮತ್ತೆ ಹಿಡಿಯಬೇಡಿ, ಗಾಡಿ ನಿಧಾನವಾಗುವವರೆಗೆ ಕಾಯಿರಿ.

ಲೆವೆಲ್ ಕ್ರಾಸಿಂಗ್‌ನಲ್ಲಿ ಗಾಡಿ ನಿಲ್ಲಿಸಿ, ಇಳಿದು, ಹಳಿಯ ಪಕ್ಕದ ಸಂದಿ ನೋಡಿ. ಅಲ್ಲಿ ತುಂಬಿಕೊಂಡ ಮಣ್ಣು ಜಲ್ಲಿ ಭಾರದ ಇಂಜಿನ್ನಿಗೆ ಲೆಕ್ಕಕ್ಕಿಲ್ಲ, 560 ಕೆಜಿಯ ಗಾಡಿಯನ್ನು ಅದು ಸಲೀಸಾಗಿ ಎತ್ತಿ ಬೀಳಿಸುತ್ತದೆ. ಪಾಯಿಂಟ್ಸ್ ವಿಷಯವೂ ಹಾಗೇ: ನಾಲಿಗೆ ಹಳಿಗೆ ಬಿಗಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆ, ನಡಿಗೆಯ ವೇಗದಲ್ಲಿ ದಾಟಿ. ತಪ್ಪು ದಿಕ್ಕಿಗಿದ್ದ ನಾಲಿಗೆಯನ್ನು ಹಿಂದಿನಿಂದ ತಳ್ಳಿ ಸರಿಸುವ ತೂಕ ಈ ಗಾಡಿಗಿಲ್ಲ.

ಹಳಿಯಿಂದ ಇಳಿಸುವುದು

280 ಕೆಜಿಯನ್ನು ನಾಲ್ವರು ಒಮ್ಮೆಗೇ ಎತ್ತಿದರೆ ತಲಾ 70 ಕೆಜಿ, ಬೆನ್ನು ಉಳಿಯದು. ಒಂದು ತುದಿಯನ್ನು ಮಾತ್ರ ಎತ್ತಿ, ತಲಾ 35 ಕೆಜಿ. ಡೆಕ್ಕಿನ ನಾಲ್ಕೂ ಮೂಲೆಯಿಂದ 300 ಮಿಮೀ ಹೊರಚಾಚುವ ಹಿಡಿಕೆ ಇರಲಿ. ಕ್ರಮ ಹೀಗೆ: ಮುಖ್ಯಸ್ಥ ಕೂಗಿದ ಕೂಡಲೆ ಬ್ರೇಕ್, ಎಲ್ಲರೂ ಪಕ್ಕಕ್ಕೆ ಇಳಿಯುವುದು, ಬ್ರೇಕ್ ಬಿಡುವುದು. ತೊಲೆಯನ್ನು ಪಟ್ಟಿಯಿಂದ ಕಟ್ಟುವುದು. ಮುಂದಿನ ತುದಿ ಎತ್ತಿ ಹೊರಬದಿಗೆ ಸರಿಸಿ ನೆಲಕ್ಕಿಡುವುದು, ಆಮೇಲೆ ಹಿಂದಿನ ತುದಿ, ಹೀಗೆ ಹಳಿ ದಾಟುವವರೆಗೆ. ಹಳಿಯ ಹೊರಅಂಚಿನಿಂದ 2 ಮೀಟರ್ ದೂರಕ್ಕೆ ಒಯ್ದು, ಗಾಲಿಗೆ ಬೆಣೆ ಕೊಡಬೇಕು. ಎತ್ತುವಾಗ ಬೆರಳು ಹಳಿಗೂ ಫ್ಲಾಂಜಿಗೂ ನಡುವೆ ಹೋಗಬಾರದು. ಲೈನಿನ ಪಕ್ಕದಲ್ಲಿ ಅಲ್ಲಲ್ಲಿ ಹಳೇ ಸ್ಲೀಪರುಗಳನ್ನು ಹಳಿಯ ಮಟ್ಟಕ್ಕೆ ಅಡ್ಡಲಾಗಿ ಜೋಡಿಸಿಟ್ಟರೆ ಎತ್ತುವ ಬದಲು ತಿರುಗಿಸಿ ಉರುಳಿಸಬಹುದು.

ಗಡಿಯಾರ ಹಿಡಿದು ಅಭ್ಯಾಸ ಮಾಡಿ. ನಿಮ್ಮ ತಂಡಕ್ಕೆ 60 ಸೆಕೆಂಡ್ ಬೇಕೆನ್ನಿ. 25 ಕಿಮೀ ವೇಗದ ಮ್ಯೂಸಿಯಂ ರೈಲು ಅಷ್ಟರಲ್ಲಿ 420 ಮೀಟರ್ ಬಂದಿರುತ್ತದೆ. ಅದರ ಎರಡರಷ್ಟು ದೂರ ಕಣ್ಣಿಗೆ ಕಾಣದ ತಿರುವು ಬಂದರೆ, ಲೈನ್ ನಿಮ್ಮದೇ ಎಂದು ಬರೆದುಕೊಟ್ಟಿದ್ದರೂ, ಕೆಂಪು ಬಾವುಟ ಹಿಡಿದ ಒಬ್ಬರನ್ನು ಮುಂದೆ ನಡೆಸಿ. ಬಾವುಟವೊಂದು ಗಾಡಿಯ ಮೇಲೂ ಇರಲಿ, ಎರಡೂ ಕಡೆಯಿಂದ ಕಾಣುವಂತೆ.

ಕೆಡುವುದು ಎಲ್ಲಿ

ಹಿಡಿಕೆಯ ದಿಕ್ಕು ಬದಲಾಗುವಾಗ ಪ್ರತಿ ಸಲವೂ ಟಕ್ ಎಂದರೆ ರಾಡಿನ ಪಿನ್ನು ಅಥವಾ ಬುಶ್ ಸವೆದಿದೆ. ಅಲ್ಲಿನ 1 ಮಿಮೀ ಸಡಿಲ ಹಿಡಿಕೆಯಲ್ಲಿ 3 ಮಿಮೀ ಆಗುತ್ತದೆ. ಬುಶ್ ಬದಲಿಸಿ, ಬರೀ ಗ್ರೀಸ್ ತುಂಬಿ ಸದ್ದು ಅಡಗಿಸಬೇಡಿ. ಒಂದು ಸುತ್ತಿನಲ್ಲಿ ಒಂದೇ ಕಡೆ ಬಿಗಿಯಾದರೆ ಗೇರ್ ಶಾಫ್ಟಿನ ಮೇಲೆ ಓರೆಯಾಗಿದೆ, ಅಥವಾ ಹಲ್ಲಿನ ಸಂದಿಯಲ್ಲಿ ಜಲ್ಲಿಯ ಚೂರಿದೆ. ಗೇರಿನ ಕೆಳಗೆ ತಗಡಿನ ತಟ್ಟೆ ಕಟ್ಟಿದರೆ ಎರಡನೆಯದು ತಪ್ಪುತ್ತದೆ. ತುಯ್ದರೂ ಆಕ್ಸಲ್ ತಿರುಗದಿದ್ದರೆ ಪಿನಿಯನ್ನನ್ನು ಆಕ್ಸಲ್‌ಗೆ ಕಚ್ಚಿ ಹಿಡಿಸುವ ಉಕ್ಕಿನ ತುಂಡು, ಅಂದರೆ ಕೀ, ಕತ್ತರಿಸಿಹೋಗಿದೆ. ಏರಿನಲ್ಲಿ ನಾಲ್ವರೂ ಒಮ್ಮೆಲೇ ಮೈಭಾರ ಹಾಕಿ ಜಗ್ಗುವ ತಂಡದಲ್ಲಿ ಇದು ಹೆಚ್ಚು. ಬ್ರೇಕ್ ಕ್ರಮೇಣ ಮೆತ್ತಗಾದರೆ ಷೂ ಸವೆದು ಅಂತರ ಹೆಚ್ಚಿರುತ್ತದೆ, ಒಮ್ಮೆಗೇ ಮೆತ್ತಗಾದರೆ ಷೂಗೆ ಎಣ್ಣೆ ಬಿದ್ದಿದೆ. ಎಣ್ಣೆ ಕುಡಿದ ಮರ ಮತ್ತೆ ಕೆಲಸಕ್ಕೆ ಬಾರದು, ಬಿಸಾಡಿ.

ಓಟದ ದಿನ ಬೆಳಿಗ್ಗೆ ಎಲ್ಲ ಬೋಲ್ಟುಗಳಿಗೂ ಸ್ಪ್ಯಾನರ್ ಹಾಕಿ, ಅದರಲ್ಲೂ ಬೇರಿಂಗ್ ಮತ್ತು ತೊಲೆಯ ಕೀಲಿನವು. ಗಾಲಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಬಿರುಕಿದ್ದರೆ ದನಿ ಒಡೆದಿರುತ್ತದೆ. ಗಾಡಿಯನ್ನು ಹಳಿಯಿಂದ ಇಳಿಸಿ, ಮಳೆ ಬೀಳದ ಕಡೆ ಇಡಿ. ಗಾಲಿಗೆ ಸರಪಳಿ ಸುತ್ತಿ ಬೀಗ ಹಾಕಿ, ಕನೆಕ್ಟಿಂಗ್ ರಾಡಿನ ಮೇಲಿನ ಪಿನ್ನು ಬಿಚ್ಚಿ ಕೀಲಿಕೈಯ ಜೊತೆಗೇ ತೆಗೆದುಕೊಂಡು ಹೋಗಿ.